ಐದು ಹೆಣಿಗೆ

ಭಾಂಡುಪ್
೯ ಜೂನ್ ೧೯೫೭

ಮೋನಪ್ಪನಿಗೆ,

ಇಲ್ಲಿ ಕ್ಷೇಮವಿಲ್ಲ. ನೀನು ಕ್ಷೇಮ ಎಂದು ಕೊಲಾಬಾದಿಂದ ಬಂದವರು ಹೇಳಿದರು. ಹನ್ನೊಂದು ವರ್ಷ ನಿನ್ನನ್ನು ಅಣ್ಣ ಎಂದು ಕರೆದೆ. ಈ ಕಾಗದದಲ್ಲಿ ಆ ಮಾತು ಬರುವುದಿಲ್ಲ, ಹುಡುಕಬೇಡ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ದೋಣಿ ಕ್ಲಬ್ಬಿನ ಕಮಿಟಿಯ ಮೇಜಿನ ಮುಂದೆ ನೀನು ಏನೂ ನೆನಪಿಲ್ಲದವನ ಹಾಗೆ ನಿಂತಿದ್ದೆ. ಮರೆತವನಿಗೆ ನೆನಪು ಮಾಡಿಕೊಡುವುದು ತಪ್ಪಲ್ಲ.

ಈ ವರ್ಷ ಕ್ಲಬ್ಬಿಗೆ ವಿಲಾಯತಿಯಿಂದ ಬಿಳಿ ನೈಲಾನ್ ಹಗ್ಗ ಬಂತು, ಡಿಂಗಿ ದೋಣಿಗಳ ಹಾಯಿಯನ್ನು ಎಳೆದು ಹಿಡಿಯುವುದಕ್ಕೆ. ಅಲ್ಲಿಯವರೆಗೆ ನಾವು ಹೆಣೆದದ್ದೆಲ್ಲ ಮನಿಲಾ ನಾರು, ಇಲ್ಲವೇ ಹತ್ತಿ. ತುದಿಯ ಮೂರು ಎಳೆ ಬಿಚ್ಚಬೇಕು, ಹಗ್ಗ ಬಾಗಿಸಿ ಕಣ್ಣು ಮಾಡಬೇಕು, ಎಳೆಗಳನ್ನು ಹಗ್ಗದ ಮೈಯೊಳಗೇ ತೂರಿಸಬೇಕು. ಒಂದು ಸುತ್ತು ತೂರಿಸಿದರೆ ಒಂದು ಹೆಣಿಗೆ. ಮೂರು ಹೆಣಿಗೆಗೆ ಮನಿಲಾ ತನ್ನನ್ನು ತಾನೇ ಕಚ್ಚಿಕೊಳ್ಳುತ್ತದೆ, ಆನೆ ಎಳೆದರೂ ಬಿಡದು. ಈ ಬಿಳಿ ಹಗ್ಗ ಕಚ್ಚುವ ಜಾತಿಯದ್ದಲ್ಲ. ಹಾವುಮೀನಿನ ಮೈ ಅದಕ್ಕೆ. ಮೊದಲ ದಿನವೇ ಮೂರು ಹೆಣಿಗೆ ಹಾಕಿ, ಕಾಲಲ್ಲಿ ಒತ್ತಿ ಎಳೆದು ನೋಡಿದೆ. ಎಳೆಗಳು ಒಂದೊಂದೇ ಜಾರಿ ಹೊರಗೆ ಬಂದವು. ಆಮೇಲೆ ಐದು ಹಾಕಿದೆ. ತುದಿಗಳನ್ನು ಕೊಯ್ಯದೆ ಬೆರಳುದ್ದ ಬಾಲ ಬಿಟ್ಟೆ. ಕಾಡಬಳ್ಳಿಯ ಬುಟ್ಟಿ ಹೆಣೆಯುವಾಗ ನನ್ನ ಅಜ್ಜಿಯೂ ಬಾಲ ಬಿಡುತ್ತಿದ್ದಳು. ಬುಟ್ಟಿ ಒಮ್ಮೆ ಭಾರ ಹೊರುವವರೆಗೆ ಕತ್ತಿ ಮುಟ್ಟಿಸಲು ಬಿಡುತ್ತಿರಲಿಲ್ಲ. ನೀನು ದೋಣಿ ಶೆಡ್ಡಿನ ಮುಕಾದಮ, ಬಂದು ನೋಡಿದೆ. "ಎಂತದು ಐತ, ಹಗ್ಗಕ್ಕೆ ಜಡೆ ಹಾಕ್ತಿದ್ದೀಯಾ? ಮಲ್ಲಿಗೆ ತರ್ಬೇಕಾ?" ಎಂದು ಕೇಳಿದೆ. ನಾನೂ ನಕ್ಕೆ.

ಕಾರ್ಯದರ್ಶಿ ಸಾಹೇಬ ಮಾತ್ರ ನಗಲಿಲ್ಲ. ಹೆಣಿಗೆ ಉದ್ದವಾಗಿ ರಾಟೆಗೆ ತಾಗುತ್ತದಂತೆ, ಹಾಯಿಯ ಕೆಳಗಿನ ಅಡ್ಡಮರ ಒಂದು ಗೇಣು ಹೊರಗೇ ನಿಲ್ಲುತ್ತದಂತೆ, ಆ ಒಂದು ಗೇಣಿನಿಂದ ಅವನು ಪಂದ್ಯ ಸೋಲುತ್ತಾನಂತೆ. ಕಡಿಮೆ ಮಾಡಲು ಆಗುವುದಿಲ್ಲ ಎಂದು ನಾನು ಹೇಳಿದ್ದನ್ನು ನೀನೇ ಅವನಿಗೆ ಹಿಂದಿಯಲ್ಲಿ ಹೇಳಿದೆ. ಶುಕ್ರವಾರ ಸಂಜೆ ಏಳನೇ ನಂಬರಿನ ಡಿಂಗಿಯ ಹಗ್ಗಕ್ಕೆ ಐದು ಹೆಣಿಗೆ ಇತ್ತು, ಬಾಲ ಇತ್ತು. ನಾನು ಲೋಕಲ್ ರೈಲು ಹಿಡಿದು ಬಂದೆ.

ಮರುದಿನ, ಮೇ ಹದಿನೆಂಟು, ಮಳೆಗಾಲಕ್ಕೆ ಮುಂಚಿನ ಕಡೆಯ ಪಂದ್ಯ. ಸಾಹೇಬ ಚುಕ್ಕಾಣಿ ಹಿಡಿದ, ನಮ್ಮ ದೂಜ ಹಗ್ಗ ಹಿಡಿದ. ಗಾಳಿಗೆ ಮೈಯನ್ನೆಲ್ಲ ದೋಣಿಯ ಹೊರಗೆ ಚಾಚಿ ಆ ಹಗ್ಗವೊಂದನ್ನೇ ನಂಬಿ ಕೂತಿದ್ದ. ಹಗ್ಗದ ಕಣ್ಣು ಕಳಚಿತು. ದೂಜ ಹಿಂದಕ್ಕೆ ನೀರಿಗೆ ಬಿದ್ದ, ದೋಣಿ ಅವನ ಮೇಲೆಯೇ ಮಗುಚಿತು. ಮಲ್ಪೆಯ ಕಡಲಲ್ಲಿ ನಡಿಗೆ ಕಲಿಯುವ ಮೊದಲು ಈಜು ಕಲಿತ ಮೊಗವೀರ, ಒಂದು ಒದ್ದೆ ಹಾಯಿಬಟ್ಟೆಯ ಕೆಳಗೆ ಸಿಕ್ಕಿ ಸತ್ತ. ಸಾಹೇಬ ಬದುಕಿದ.

ಕಮಿಟಿಯ ಮೇಜಿನ ಮೇಲೆ ತಂದಿಟ್ಟ ಹಗ್ಗ ನೋಡಿದೆನಲ್ಲ. ಬಾಲವಿಲ್ಲ. ಬ್ಲೇಡಿನಲ್ಲಿ ಕೊಯ್ದ ತುದಿ. ಮೂರೇ ಹೆಣಿಗೆಯ ಗುರುತು. ನಾನು ಐದು ಹಾಕಿದ್ದೆ ಎಂದೆ. ಸಾಹೇಬ ನಿನ್ನ ಮುಖ ನೋಡಿದ. ನೀನು ನೆಲ ನೋಡಿದೆ. ಆ ಶೆಡ್ಡಿನಲ್ಲಿ ಹಗ್ಗ ಬಿಚ್ಚಿ ಹೆಣೆಯಲು ಬರುವುದು ಎರಡು ಜೋಡಿ ಕೈಗಳಿಗೆ. ಒಂದು ನನ್ನದು, ಇನ್ನೊಂದು ನಾನು ಕಲಿಸಿದ್ದು.

ಆಂಟಾಪ್ ಹಿಲ್‌ಗೆ ಹೋಗಿದ್ದೆ. ದೂಜನ ಹೆಂಡತಿ ಅಪ್ಪಿ ಈಗ ಅಲ್ಲಿ ತನ್ನ ತಮ್ಮ ಅಣ್ಣುವಿನ ಚಾಳಿನಲ್ಲಿದ್ದಾಳೆ. ನನ್ನನ್ನು ಕಂಡು ಬಾಗಿಲು ಹಾಕಿದಳು. ಒಳಗಿನಿಂದ ಕೇಳಿಸಿತು: "ಬುಟ್ಟಿ ಹೆಣೆಯುವ ಕೊರಗನ ಕೈಗೆ ಹಗ್ಗ ಕೊಟ್ರು. ನನ್ನ ಗಂಡನ್ನ ತಿಂದ."

ತೆಗೆದುಹಾಕಿದ ಕೆಲಸ ನನಗೆ ತಿರುಗಿ ಬೇಡ. ಕ್ಲಬ್ಬು ಹಾಳಾಗಿ ಹೋಗಲಿ. ನೀನು ಆ ಬಾಗಿಲಿಗೆ ಹೋಗಿ ಒಂದೇ ಮಾತು ಹೇಳು, ಐತ ಐದು ಹಾಕಿದ್ದ ಎಂದು. ಅಷ್ಟೇ ಕೇಳುವುದು.

ಐತ
(ಉತ್ತರವನ್ನು ಸ್ಟೇಷನ್ ಬಳಿಯ ಸೀನನ ಚಹಾ ಅಂಗಡಿಯ ವಿಳಾಸಕ್ಕೆ ಹಾಕು.)


ಕೊಲಾಬಾ
೩೦ ಜೂನ್ ೧೯೫೭

ಪ್ರಿಯ ಐತನಿಗೆ,

ನಿನ್ನ ಕಾಗದ ಮುಟ್ಟಿತು. ಮಳೆ ಜೋರು. ಶೆಡ್ಡಿನ ತಗಡು ಎರಡು ಕಡೆ ಹಾರಿದೆ. ಡಿಂಗಿಗಳನ್ನೆಲ್ಲ ಮಗುಚಿ ಹಾಕಿ ಹೊದಿಸಿದ್ದೇವೆ. ನೀನಿದ್ದರೆ ಎರಡು ದಿನದ ಕೆಲಸ, ನಮಗೆ ವಾರ ಹಿಡಿಯಿತು. ಮನೆಯಲ್ಲಿ ವಸಂತಿ ನಿನ್ನನ್ನು ಕೇಳುತ್ತಿರುತ್ತಾಳೆ. ಮೂರನೆಯದು ಬಸುರು, ಕಾಲು ಊದಿಕೊಂಡಿದೆ.

ನೀನು ಬರೆದ ವಿಷಯಕ್ಕೆ ಈಗ ಏನು ಬರೆಯಲಿ. ಕಮಿಟಿಯ ತೀರ್ಮಾನ ಇನ್ನೂ ಬಂದಿಲ್ಲ. ನಡುವೆ ಬಾಯಿ ಹಾಕಿದರೆ ಅವರಿಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ಅದು ನಿನ್ನ ಮೇಲೂ ಬೀಳುತ್ತದೆ. ತೀರ್ಮಾನ ಆಗಲಿ, ಆಮೇಲೆ ಒಂದು ದಿನ ನೋಡಿಕೊಂಡು ಅಪ್ಪಿಯ ಹತ್ತಿರ ಮಾತಾಡುತ್ತೇನೆ. ಹೆಂಗಸು, ದುಃಖದಲ್ಲಿ ಬಾಯಿಗೆ ಬಂದದ್ದು ಆಡಿದ್ದಾಳೆ. ನೀನು ಅದನ್ನು ಮನಸ್ಸಿಗೆ ಹಾಕಿಕೊಳ್ಳಬೇಡ.

ಹಗ್ಗ ಎಂದ ಮೇಲೆ ಎಲ್ಲಿ ಉಜ್ಜಿತೋ ಏನೋ. ಉಪ್ಪುನೀರು, ಬಿಸಿಲು. ಹೀಗೇ ಆಯಿತು ಎಂದು ಹೇಳುವುದು ಕಷ್ಟ.

ನಾವಿರುವ ಖೋಲಿ ಕ್ಲಬ್ಬಿನದ್ದು ಎಂದು ನಿನಗೆ ಗೊತ್ತೇ ಇದೆ.

ಭಾಂಡುಪಿನಲ್ಲಿ ಕಾರ್ಖಾನೆಗಳು ಬಹಳ ಇವೆಯಂತೆ. ಏನಾದರೂ ಸಿಕ್ಕಿತೇ?

ನಿನ್ನ
ಮೋನಪ್ಪ


ಭಾಂಡುಪ್
೧೫ ಆಗಸ್ಟ್ ೧೯೫೭

ಮೋನಪ್ಪ,

ಇವತ್ತು ಸ್ವಾತಂತ್ರ್ಯಕ್ಕೆ ಹತ್ತು ವರ್ಷ. ಸೀನನ ಅಂಗಡಿಯಲ್ಲಿ ರೇಡಿಯೋ ಬೆಳಗಿನಿಂದ ಅರಚುತ್ತಿದೆ. ನಿಮ್ಮ ಕ್ಲಬ್ಬಿನಿಂದ ಬಿಳಿಯರು ಹೋದರು, ಟೋಪಿಗಳನ್ನು ಗೂಟಕ್ಕೆ ನೇತು ಹಾಕಿ ಹೋದರು. ನಮ್ಮವರು ತಲೆ ಅಳತೆ ನೋಡಿ ಹಾಕಿಕೊಂಡರು.

ಕಮಿಟಿಯ ತೀರ್ಮಾನ ನನಗೂ ಬಂದಿದೆ. ಇಂಗ್ಲಿಷಿನಲ್ಲಿ ಒಂದು ಪುಟ. ಮುಲುಂಡಿನಲ್ಲಿ ಒಬ್ಬ ಗುಮಾಸ್ತರ ಕೈಯಲ್ಲಿ ಓದಿಸಿದೆ. ಹಗ್ಗ ಹೆಣೆದವನ ಅಜಾಗರೂಕತೆ ಎಂದಿದೆ. ಅವರು ಎರಡು ಸಲ ಓದಿ, ಕೆಳಗಿನ ಸಾಕ್ಷಿಯ ಸಹಿ ತೋರಿಸಿದರು. ಕನ್ನಡದಲ್ಲಿ ಸಹಿ. ದುಂಡು ಅಕ್ಷರ. ಬಾಂಬೆ ಕೋಟೆಯ ಕನ್ನಡ ರಾತ್ರಿ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತ ಅಕ್ಷರ, ನನಗೆ ಗುರುತು ಸಿಗದೆ ಇರುತ್ತದೆಯೇ?

ಉಪ್ಪುನೀರು, ಬಿಸಿಲು ಎಂದು ನೀನು ಬರೆದೆ. ಮೋನಪ್ಪ, ನಾನು ಹಗ್ಗದವನು. ಉಜ್ಜಿ ಹರಿದ ಹಗ್ಗಕ್ಕೂ ಕೊಯ್ದ ಹಗ್ಗಕ್ಕೂ ವ್ಯತ್ಯಾಸ ಕಣ್ಣು ಕಟ್ಟಿಕೊಂಡು ಮುಟ್ಟಿ ಹೇಳುತ್ತೇನೆ. ಆ ಉಪ್ಪುನೀರಿನ ಮಾತನ್ನು ಸಾಹೇಬನಿಗೆ ಹೇಳು, ನನಗೆ ಹೇಳಬೇಡ.

ಊರಿನಲ್ಲಿ ನಿನ್ನ ಅಪ್ಪನನ್ನು ಗುಡಿಯ ಅಂಗಳಕ್ಕೆ ಬಿಡುತ್ತಿರಲಿಲ್ಲ. ನಿನ್ನ ಅಪ್ಪ ನನ್ನ ಅಪ್ಪನನ್ನು ತನ್ನ ಅಂಗಳಕ್ಕೆ ಬಿಡುತ್ತಿರಲಿಲ್ಲ. ಹಡಗಿನಲ್ಲಿ ಬಾಂಬೆಗೆ ಬರುವಾಗ ಇದನ್ನೆಲ್ಲ ಕಡಲಿಗೆ ಎಸೆದು ಬಂದೆವು ಎಂದು ನೀನೇ ಹೇಳಿದ್ದು. ನಾನು ನಂಬಿದೆ. ನಿನ್ನ ಎದುರು ಕೂತು ನಿನ್ನ ಬೆರಳು ಹಿಡಿದು ಎಳೆ ತೂರಿಸುವುದನ್ನು ಕಲಿಸಿದೆ. ಕೊರಗನ ಕೈಯಿಂದ ವಿದ್ಯೆ ತೆಗೆದುಕೊಂಡವನು ನೀನು, ಅದರಿಂದಲೇ ಮುಕಾದಮನಾದೆ. ನನಗೆ ಹೊಟ್ಟೆಯುರಿ ಇರಲಿಲ್ಲ. ಸತ್ಯವಾಗಿ ಇರಲಿಲ್ಲ.

ಹೋದ ಡಿಸೆಂಬರಿನಲ್ಲಿ ದಾದರ್ ಚೌಪಾಟಿಗೆ, ಬಾಬಾಸಾಹೇಬರ ಚಿತೆಗೆ ಹೋಗೋಣ ಬಾ ಎಂದಿದ್ದೆ. ರಜೆ ಸಿಗುವುದಿಲ್ಲ ಎಂದು ನೀನು ಹೇಳಿದೆ. ದೂಜ ಬಂದ. ಅವನಿಗೆ ಅದೆಲ್ಲ ಏನೂ ಗೊತ್ತಿರಲಿಲ್ಲ. ಆ ಜನಸಾಗರ ನೋಡಿ, "ಇಷ್ಟು ಜನ ಅಳ್ತಾರಲ್ಲ ಐತ, ಇವರೆಲ್ಲ ಒಟ್ಟಿಗೆ ಬಲೆ ಎಳೆದ್ರೆ ಎಂತ ಬರ್ಲಿಕ್ಕಿಲ್ಲ?" ಎಂದು ಕೇಳಿದ. ಅಂಥವನು ಅವನು. ನನ್ನ ತಟ್ಟೆಯಿಂದ ಮೀನು ಕದ್ದು ತಿನ್ನುತ್ತಿದ್ದವನು.

ಈಗ ನಾನು ಏನು ಮಾಡುತ್ತಿದ್ದೇನೆ ಎಂದು ಕೇಳಿದ್ದೀಯಲ್ಲ. ಕಾರ್ಖಾನೆಯವರು ಹಿಂದಿನ ಕೆಲಸದ ಚೀಟಿ ಕೇಳುತ್ತಾರೆ. ನನ್ನ ಚೀಟಿಯಲ್ಲಿ ಒಂದು ಸಾವು ಬರೆದಿದೆ. ಹಾಗಾಗಿ ಮುಲುಂಡ್ ಮಾರ್ಕೆಟ್ಟಿನ ತರಕಾರಿಯವರಿಗೆ ಬುಟ್ಟಿ ಹೆಣೆಯುತ್ತಿದ್ದೇನೆ. ಹನ್ನೊಂದು ವರ್ಷದ ಹಿಂದೆ ಯಾವುದನ್ನು ಬಿಟ್ಟು ಓಡಿ ಬಂದೆನೋ ಅಲ್ಲಿಗೇ ನನ್ನನ್ನು ತಂದು ಕೂರಿಸಿದಿರಿ. ಅಪ್ಪಿಯ ಮಾತನ್ನು ನಿಜ ಮಾಡಿದಿರಿ.

ತೀರ್ಮಾನ ಆಯಿತಲ್ಲ. ಈಗ ಹೋಗು. ಒಂದು ಮಾತು.

ಐತ


ಕೊಲಾಬಾ
೨೦ ಅಕ್ಟೋಬರ್ ೧೯೫೭

ಐತ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಬರೆದೆ, ಹರಿದೆ. ಗಂಡುಮಗು ಆಗಿದೆ. ಅದನ್ನು ತಿಳಿಸಲೂ ಕೈ ಬರಲಿಲ್ಲ.

ಮಳೆ ನಿಂತಿತು, ಡಿಂಗಿಗಳು ನೀರಿಗೆ ಇಳಿದವು. ನಿನ್ನ ಜಾಗಕ್ಕೆ ಅಣ್ಣುವನ್ನು ತೆಗೆದುಕೊಂಡಿದ್ದಾರೆ. ದೂಜನ ಮನೆಗೆ ಒಂದು ದಾರಿಯಾಗಲಿ ಎಂದು ಸಾಹೇಬನೇ ಕರೆಸಿದ. ಅಣ್ಣುವಿಗೆ ಹಗ್ಗದ ಕೆಲಸ ನಾನು ಕಲಿಸುತ್ತಿದ್ದೇನೆ. ಅವನ ಎದುರು ಕೂತು ಎಳೆ ಬಿಚ್ಚುತ್ತೇನೆ. ಅವನು ಕೇಳುತ್ತಾನೆ, ನೈಲಾನಿಗೆ ಎಷ್ಟು ಹೆಣಿಗೆ ಎಂದು. ಐದು ಎನ್ನುತ್ತೇನೆ. ಈಗ ಕ್ಲಬ್ಬಿನ ಎಲ್ಲ ದೋಣಿಗೂ ಐದು.

ಆಂಟಾಪ್ ಹಿಲ್‌ಗೆ ಮೂರು ಸಲ ಹೋದೆ. ಮೂರು ಸಲವೂ ಚಾಳಿನ ಮೆಟ್ಟಿಲ ತನಕ ಹೋಗಿ ತಿರುಗಿ ಬಂದೆ.

ಅಪ್ಪಿಗೆ ಹೇಳಲಾಗದ್ದನ್ನು ನಿನಗೆ ಬರೆಯುತ್ತೇನೆ. ನಿನಗೆ ಗೊತ್ತಿದೆ, ಆದರೂ ನನ್ನ ಕೈಯಿಂದ ಬರಲಿ.

ಶನಿವಾರ ಪಂದ್ಯಕ್ಕೆ ಒಂದು ಗಂಟೆ ಇದ್ದಾಗ ಸಾಹೇಬ ಶೆಡ್ಡಿಗೆ ಬಂದ. ಹಗ್ಗ ನನ್ನ ಮುಖಕ್ಕೆ ಹಿಡಿದ. "ಇಸ್ಕೋ ಛೋಟಾ ಕರೋ", ಇದನ್ನು ಗಿಡ್ಡ ಮಾಡು ಎಂದ. ಐತ ಬರಲಿ ಎಂದೆ. ಮುಕಾದಮ ನೀನೋ ಐತನೋ ಎಂದು ಕೇಳಿದ. ಅಲ್ಲಿ ನಾಲ್ಕು ಜನ ಮೆಂಬರುಗಳಿದ್ದರು, ನಕ್ಕರು. ಆ ನಗುವಿಗೆ ನನಗೆ ಏನಾಯಿತೋ. ಎರಡು ಹೆಣಿಗೆ ಬಿಚ್ಚಿದೆ. ಬಾಲವನ್ನು ಬ್ಲೇಡಿನಲ್ಲಿ ಕೊಯ್ದು ಸಾಪು ಮಾಡಿದೆ. ಎಳೆದು ನೋಡಲಿಲ್ಲ. ಹತ್ತು ವರ್ಷ ಮನಿಲಾಕ್ಕೆ ಮೂರೇ ಹಾಕಿದ ಕೈ ಐತ, ಮೂರು ಸಾಕು ಎಂದೇ ನಂಬಿತು. ನೀನು ಕಾಲಲ್ಲಿ ಒತ್ತಿ ಎಳೆದು ತೋರಿಸಿದ್ದನ್ನು ನಾನು ನೋಡಿದ್ದೆ, ಆದರೂ ನಂಬಲಿಲ್ಲ. ಇವನೇನು ನನಗಿಂತ ಹೆಚ್ಚು ಬಲ್ಲನೇ ಎಂದು ಒಳಗೆ ಎಲ್ಲೋ ಇತ್ತು. ಅದೇ ಇತ್ತು. ಅದನ್ನೂ ಬರೆಯುತ್ತೇನೆ.

ದೂಜ ನನ್ನ ಕೈಯಿಂದಲೇ ಆ ಹಗ್ಗ ತೆಗೆದುಕೊಂಡು ಹೋದ. ಐತನ ಜಡೆ ಕತ್ತರಿಸಿದೆಯಾ ಎಂದು ತಮಾಷೆ ಮಾಡಿದ.

ಕಮಿಟಿಯಲ್ಲಿ ಸಾಹೇಬ ನನ್ನನ್ನು ನೋಡಿದಾಗ, ನಾನು ಬಾಯಿ ಬಿಟ್ಟರೆ ಅವನು ತಾನು ಹೇಳಿಯೇ ಇಲ್ಲ ಎನ್ನುತ್ತಾನೆ ಎಂದು ತಿಳಿಯಿತು. ಆಗ ಉಳಿಯುವುದು ನನ್ನ ಬ್ಲೇಡು ಮಾತ್ರ. ಎರಡು ಮಕ್ಕಳು, ಬಸುರಿ ಹೆಂಡತಿ, ಖೋಲಿ ಕ್ಲಬ್ಬಿನದ್ದು.

ಈ ಕಾಗದ ಓದಿ ಸುಟ್ಟುಬಿಡು. ಇದು ಯಾರ ಕೈಗೂ ಸಿಗಬಾರದು. ನಿನ್ನನ್ನು ಬೇಡಿಕೊಳ್ಳುತ್ತೇನೆ.

ಮೋನಪ್ಪ


ಭಾಂಡುಪ್
೧೭ ನವೆಂಬರ್ ೧೯೫೭

ಮೋನಪ್ಪ,

ಸುಡಲಿಲ್ಲ. ನಾಲ್ಕು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಪೊಲೀಸರಿಗೆ ಕೊಡು ಎಂದು ಇಲ್ಲಿಯ ಕೂಲಿಕಾರರ ಸಂಘದವರು ಹೇಳಿದರು. ಕೊಡಬೇಕಿತ್ತೋ ಏನೋ. ಬ್ಲೇಡು ಹಿಡಿದವನು ಸಿಗುತ್ತಾನೆ, ಛೋಟಾ ಕರೋ ಎಂದವನು ಸಿಗುವುದಿಲ್ಲ ಎಂದು ಯೋಚಿಸಿ ಕೊಡಲಿಲ್ಲ. ನಿನ್ನ ಮೇಲಿನ ಕರುಣೆ ಎಂದುಕೊಳ್ಳಬೇಡ. ನಿನ್ನ ಮಗು ಖೋಲಿಯಿಂದ ಹೊರಗೆ ಬಿದ್ದರೆ ದೂಜ ಏಳುವುದಿಲ್ಲ.

ಆದರೆ ಅಪ್ಪಿಗೆ ತಿಳಿಯಲೇಬೇಕು. ಇವತ್ತು ಆದಿತ್ಯವಾರ. ಬೆಳಿಗ್ಗೆ ಆಂಟಾಪ್ ಹಿಲ್‌ಗೆ ಹೋದೆ. ಸ್ಟೇಷನ್ನಿನಿಂದ ನಡೆದೆ, ಬಿಸಿಲು ಸುಡುತ್ತಿತ್ತು. ಅಪ್ಪಿ ಬಾಗಿಲು ಹಾಕಲಿಲ್ಲ. ಹಾಕುವ ಶಕ್ತಿಯೂ ಇದ್ದಂತೆ ಕಾಣಲಿಲ್ಲ, ಅಷ್ಟು ಇಳಿದುಹೋಗಿದ್ದಾಳೆ. ಅಣ್ಣು ಮನೆಯಲ್ಲೇ ಇದ್ದ. ಕಾಗದ ತಂದಿದ್ದೇನೆ, ಓದುತ್ತೇನೆ ಎಂದೆ. "ನೀನು ಓದಿದ್ರೆ ನಿನಗೆ ಬೇಕಾದ್ದು ಓದ್ತೀ. ನನ್ನ ತಮ್ಮ ಓದ್ಲಿ" ಎಂದು ಅಪ್ಪಿ ಹೇಳಿದಳು. ನ್ಯಾಯವೇ. ಅಣ್ಣುವಿನ ಕೈಗೆ ಕೊಟ್ಟೆ.

ಅವನು ಓದಿದ. ಮೊದಲ ಪುಟ, ಎರಡನೆಯ ಪುಟ. ಅವನ ಹಣೆಯಲ್ಲಿ ಬೆವರು ಬಂದದ್ದು ಕಂಡೆ. ಅಕ್ಕನ ಮುಖ ನೋಡಿದ. ಕಾಗದ ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡ.

"ಐತ ತಪ್ಪಾಯ್ತು ಅಂತ ಬರ್ದಿದ್ದಾನೆ ಅಕ್ಕ. ಕ್ಷಮಿಸು ಅಂತ ಕೇಳ್ತಿದ್ದಾನೆ."

ಆರು ತಿಂಗಳು ಹಲ್ಲು ಕಚ್ಚಿ ಹಿಡಿದುಕೊಂಡದ್ದು ಎರಡು ವಾಕ್ಯದಲ್ಲಿ ತಲೆಕೆಳಗಾಯಿತು. ಅಪ್ಪಿ ಅತ್ತಳು, ದೂಜ ಸತ್ತ ದಿನ ಅತ್ತ ಹಾಗಲ್ಲ, ಏನೋ ಒಂದು ಗಂಟು ಬಿಚ್ಚಿದ ಹಾಗೆ. ಎದ್ದು ಒಳಗೆ ಹೋಗಿ ದೂಜನ ಹಿತ್ತಾಳೆ ಲೋಟದಲ್ಲಿ ನೀರು ತಂದಳು. ಚಾಳಿನ ಹೆಂಗಸರೆಲ್ಲ ನೋಡುತ್ತಿರುವಾಗ ಕೊರಗನ ಕೈಗೆ ಲೋಟ ಕೊಟ್ಟಳು. "ಕುಡಿ. ಆದದ್ದು ಆಯ್ತು. ನಾನಿನ್ನು ನಿನ್ನನ್ನು ಶಪಿಸುದಿಲ್ಲ" ಎಂದಳು.

ಗಂಟಲು ಒಣಗಿ ಬಿರಿಯುತ್ತಿತ್ತು ಮೋನಪ್ಪ. ಆ ನೀರು ಕುಡಿದರೆ ಎಲ್ಲ ಮುಗಿಯುತ್ತಿತ್ತು. ಅವಳಿಗೆ ನೆಮ್ಮದಿ, ಅಣ್ಣುವಿಗೆ ಕೆಲಸ, ನಿನಗೆ ಖೋಲಿ. ನನಗೂ ಒಂದು ಮನೆಯ ಒಳಗೆ ಜಾಗ. ನಮ್ಮ ಅಜ್ಜ ಮುತ್ತಜ್ಜರು ಹಾಗೆಯೇ ಬದುಕಿದ್ದು, ಮಾಡದ ತಪ್ಪನ್ನು ಒಪ್ಪಿಕೊಂಡು, ಕೊಟ್ಟದ್ದನ್ನು ಕುಡಿದು.

ಲೋಟವನ್ನು ಹೊಸ್ತಿಲ ಮೇಲೆ ಇಟ್ಟೆ. ನಾನು ಐದು ಹಾಕಿದ್ದೆ ಅಪ್ಪಿ ಎಂದೆ. ಎದ್ದು ಬಂದೆ. ಹಿಂದಿನಿಂದ ಹೆಂಗಸರು ಉಗಿಯುವುದು ಕೇಳಿಸಿತು. ಎಷ್ಟು ಸೊಕ್ಕು ನೋಡು ಇವನಿಗೆ ಎನ್ನುತ್ತಿದ್ದರು.

ನಿನ್ನ ಕಾಗದ ಅಣ್ಣುವಿನ ಜೇಬಿನಲ್ಲಿದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮೆಲ್ಲರ ಬಾಯಿಗೂ ಆ ಕ್ಲಬ್ಬು ಅನ್ನ ತುರುಕಿ ಇಟ್ಟಿದೆ, ಮಾತು ಎಲ್ಲಿಂದ ಬರಬೇಕು.

ಇನ್ನು ನಾನು ಬರೆಯುವುದಿಲ್ಲ.

ಐತ


ಕೊಲಾಬಾ
೫ ಜನವರಿ ೧೯೫೮

ಐತ,

ನೀನು ಬರೆಯುವುದಿಲ್ಲ ಎಂದೆ. ಓದುತ್ತೀಯೋ ಇಲ್ಲವೋ ಅದೂ ಗೊತ್ತಿಲ್ಲ. ಆದರೂ ಇದು ನಿನಗೆ ಸೇರಬೇಕಾದ ಮಾತು.

ನೀನು ಹೋಗಿ ಬಂದ ಮರುದಿನವೇ ಅಣ್ಣು ಶೆಡ್ಡಿನಲ್ಲಿ ನನ್ನ ಕಾಗದವನ್ನು ನನ್ನ ಕೈಗೇ ಕೊಟ್ಟ. "ಭಾವ ತಿರುಗಿ ಬರ್ಲಿಕ್ಕಿಲ್ಲ ಮೋನಪ್ಪಣ್ಣ. ನನಗೆ ಈ ಕೆಲಸ ಬೇಕು" ಎಂದ. ಮತ್ತೆ ಹಗ್ಗ ಹಿಡಿದು ಕೂತ. ನಾನು ಅದನ್ನು ಒಲೆಗೆ ಹಾಕಿದೆ. ಬೂದಿಯಾದರೆ ಹಗುರವಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ.

ಇವತ್ತು ಪಂದ್ಯಗಳಿದ್ದವು, ಅಣ್ಣು ಕ್ಲಬ್ಬಿನಲ್ಲಿದ್ದ. ವಸಂತಿಗೆ ಮೈ ಹುಷಾರಿಲ್ಲ ಎಂದು ಕ್ಲಬ್ಬಿನಲ್ಲಿ ಸುಳ್ಳು ಹೇಳಿ ಆಂಟಾಪ್ ಹಿಲ್‌ಗೆ ಹೋದೆ. ಈ ಸಲ ಮೆಟ್ಟಿಲು ಹತ್ತಿದೆ. ಅಪ್ಪಿ ಬಾಗಿಲಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದಳು, ಪಕ್ಕದ ಊಟದ ಖಾನಾವಳಿಗೆ ಕೊಡುತ್ತಾಳಂತೆ. ಚಾಪೆ ಹಾಕಿದಳು. ಮಗುವಿನ ವಿಷಯ ಕೇಳಿದಳು, ಯಾರ ಹೋಲಿಕೆ ಎಂದು ಕೇಳಿದಳು. ನಾನು ಮನಸ್ಸಿನಲ್ಲಿ ಮಾತು ಜೋಡಿಸುತ್ತಲೇ ಇದ್ದೆ. ಅಷ್ಟರಲ್ಲಿ ಅವಳೇ ನಿನ್ನ ಹೆಸರು ತೆಗೆದಳು.

ಐತ ಬಂದಿದ್ದ, ಗೊತ್ತುಂಟಾ ಎಂದು ಕೇಳಿದಳು. ಗೊತ್ತು ಎಂದೆ. ಅವಳು ಸಿಗಡಿಯಿಂದ ಕಣ್ಣು ತೆಗೆಯದೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಅವನು ತಪ್ಪು ಒಪ್ಪಿಕೊಂಡಿದ್ದಾನೆ ಅಂತ ತಮ್ಮ ಓದಿದ. ನಾನು ನೀರು ಕೊಟ್ಟೆ. ಬಿಸಿಲಲ್ಲಿ ನಡೆದು ಬಂದು ಅವನ ತುಟಿ ಬೆಳ್ಳಗಾಗಿತ್ತು ಮೋನಪ್ಪಣ್ಣ. ಆದ್ರೂ ಕುಡಿಲಿಲ್ಲ. ಅವತ್ತು ನನಗೂ ಸಿಟ್ಟು ಬಂತು. ಆಮೇಲೆ ದಿನಾ ಅದೇ ಯೋಚನೆ. ತಪ್ಪು ಮಾಡಿದವ ಆದ್ರೆ ಕುಡಿತಿದ್ದ. ಕುಡಿದು, ಸದ್ಯ ಬಚಾವಾದೆ ಅಂತ ಹೋಗ್ತಿದ್ದ. ಅವನು ಮಾಡಿದ್ದಲ್ಲ ಅದು. ನಾನು ಅವನಿಗೆ ಆಡಬಾರದ್ದು ಆಡಿದೆ."

ನಿನಗೆ ಬೇಕಾಗಿದ್ದದ್ದು ಅದು ಐತ. ಅವಳಿಗೆ ಅದು ತಿಳಿದದ್ದು ನಿನ್ನಿಂದ. ನಾನು ಏನೂ ಹೇಳಿರಲಿಲ್ಲ.

ಆಮೇಲೆ ಅವಳು ಕೈ ತೊಳೆದುಕೊಂಡಳು. ಹಾಗಾದರೆ ಅದು ಯಾರ ಕೈ ಎಂದು ಕೇಳಿದಳು. ನೀನು ಅಲ್ಲೇ ಇರುವವನಲ್ಲ, ನಿನಗೆ ಗೊತ್ತಿರಬೇಕಲ್ಲ ಎಂದಳು. ನಾನು ಬಾಯಿ ತೆರೆದೆ. ಎರಡು ಸಲ ತೆರೆದೆ. ಅವಳು ಕಾದಳು. ಚಾಳಿನ ಕೆಳಗೆ ಯಾರೋ ಹಳೇ ಪೇಪರಿನವನು ಕೂಗಿಕೊಂಡು ಹೋದ. ಅವನು ದೂರ ಹೋಗುವವರೆಗೂ ಕಾದಳು.

ಆಮೇಲೆ ಎದ್ದು ಒಳಗೆ ಹೋದಳು. ನೀರು ತಂದು ನನ್ನ ಮುಂದಿಟ್ಟು, ಎದುರಿಗೆ ಕೂತಳು.

ನಾನು ಕುಡಿದೆ ಐತ. ಪೂರ್ತಿ ಕುಡಿದೆ. ಲೋಟ ಕೆಳಗಿಡುವವರೆಗೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಮೋನಪ್ಪ